ಮೊದಲು ಕೈ ನೋಡು

ಇವರು ಓವನ್ ರಿಪೇರಿ ಮಾಡುವವರು. ಇವರು ಎಂದರೆ ನನ್ನ ಗಂಡ. ಬೇರೆ ಯಾರನ್ನಾದರೂ ನಾನು ದಿನವಿಡೀ ಬೈದು, ಆಮೇಲೆ ಅವರ ಬಗ್ಗೆಯೇ ಬರೆಯಲು ಕೂರುತ್ತೇನೆಯೇ? ಓವನ್ ಎಂದರೆ ಕರೆಂಟಿನದು, ಕೇಕು, ಬನ್ನು, ಬ್ರೆಡ್ಡು ಬೇಯಿಸುವ ಪೆಟ್ಟಿಗೆ. ನಮ್ಮ ಬೀದಿಯಲ್ಲಿ ಇವರಿಗೆ ಬಿಸಿಯಣ್ಣ ಎಂದು ಹೆಸರು. ಫೋನ್ ಎತ್ತಿದರೆ ಹಲೋ ಎನ್ನುವ ಬದಲು "ಬಿಸಿಯಾಗ್ತಿಲ್ವಾ?" ಎಂದು ಕೇಳುವ ಮನುಷ್ಯನಿಗೆ ಜನ ಇನ್ನೇನು ಹೆಸರಿಟ್ಟಾರು. ಹೆಸರಿಗಷ್ಟೇ ಬಿಸಿ. ನಾನು ಎಷ್ಟು ಕೂಗಾಡಿದರೂ ತುಟಿ ಪಿಟಕ್ಕೆನ್ನದೆ ಕಿಟಕಿಯ ಕಡೆ ನೋಡುತ್ತಾ ಕೂರುತ್ತಾರೆ. ನಮ್ಮ ಮನೆಯಲ್ಲಿ ಬಿಸಿ ಏನಿದ್ದರೂ ಅದು ನನ್ನ ಪಾಲು.

ಕೆಲಸ ಒಂದು ಅಂಗಡಿಯ ಪರವಾಗಿ. ಅಡುಗೆಮನೆ ಸಾಮಾನು ಮಾರುವ ಅಂಗಡಿ ಅದು. ಅಲ್ಲಿ ಮಾರಿದ ಓವನ್ ಎಲ್ಲಿ ಕೆಟ್ಟರೂ ಇವರು ಚೀಲ ಹೆಗಲಿಗೇರಿಸಿಕೊಂಡು ಹೋಗಬೇಕು. ದೊಡ್ಡ ಯಜಮಾನರ ಕಾಲಕ್ಕೆ ಸೇರಿದವರು, ಈಗ ಅವರ ಮಗ ಚಿಕ್ಕ ಯಜಮಾನ ಗಲ್ಲೆಯ ಮೇಲೆ ಕೂತಿದ್ದಾನೆ. ಇವರ ಕೈಗುಣ ಒಳ್ಳೆಯದು ಎಂದು ಊರೆಲ್ಲ ಮಾತು. ಓವನ್ ಮುಂದೆ ಮಂಡಿಯೂರಿ ಬಾಗಿಲು ತೆಗೆದು ತಲೆಯನ್ನೇ ಒಳಗೆ ತೂರಿಸಿ ಮೂಸುವರು. ಸುಟ್ಟ ತಂತಿಯ ವಾಸನೆ ಬೇರೆ, ಸುಟ್ಟ ಸಕ್ಕರೆಯ ವಾಸನೆ ಬೇರೆ ಎನ್ನುವರು. ಆಮೇಲೆ ಕಾವು ಕೊಡುವ ತಂತಿಸುರುಳಿ, ಅಂದರೆ ಕಾಯಿಲ್ ಮೇಲೆ ಬೆರಳಾಡಿಸಿ, ಎಲ್ಲಿ ಬಿರುಕು ಬಿಟ್ಟಿದೆ ಎಂದು ಕಣ್ಣು ಮುಚ್ಚಿಯೇ ಹೇಳುವರು. ನನಗಂತೂ ನೋಡಿ ನೋಡಿ ಸಾಕಾಗಿತ್ತು. ಮನೆಗೆ ಬಂದ ಮೇಲೂ ಊಟದ ತಟ್ಟೆಯನ್ನು ಮೂಸುವ ಗಂಡನ ಜೊತೆ ಬಾಳಿ ನೋಡಿ, ಗೊತ್ತಾಗುತ್ತದೆ.

ಇವರಿಗೆ ಒಂದೇ ಒಂದು ಮಂತ್ರ: ಮೊದಲು ಕೈ ನೋಡು. ಹಳೆಯ ಓವನ್‌ಗಳಲ್ಲಿ ಟೈಮರ್ ಎಂದು ಒಂದು ಗುಂಡಿ ಇರುತ್ತದೆ, ಇಷ್ಟು ಹೊತ್ತು ಬೇಯಿಸು ಎಂದು ತಿರುಗಿಸಿಡುವುದಕ್ಕೆ. ಅದರ ಪಕ್ಕದಲ್ಲಿ ಐದು ಬೆರಳಿನ ಸಣ್ಣದೊಂದು ಕೈಯ ಚಿತ್ರ. ಗುಂಡಿಯ ಗೆರೆ ಆ ಕೈಯ ಕಡೆಗಿದ್ದರೆ ಹೊತ್ತಿನ ಲೆಕ್ಕವಿಲ್ಲದೆ ಓವನ್ ಕಾಯುತ್ತಲೇ ಇರುತ್ತದೆ. ಗೆರೆ ಅಲ್ಲಿಂದ ಸರಿದಿದ್ದರೆ ಒಳಗಿನ ದೀಪ ಉರಿಯುತ್ತದೆ, ಕಾವು ಮಾತ್ರ ಬರುವುದಿಲ್ಲ. ಎಷ್ಟೋ ಮನೆಗಳಲ್ಲಿ ಓವನ್ ಕೆಟ್ಟೇ ಇರುವುದಿಲ್ಲ, ಒರೆಸುವಾಗ ಗುಂಡಿ ಸರಿದಿರುತ್ತದೆ ಅಷ್ಟೆ. ಅದನ್ನು ಕೈಯ ಚಿತ್ರಕ್ಕೆ ತಿರುಗಿಸುವುದಕ್ಕೆ ಇವರು 'ಕೈ ಕೊಡೋದು' ಎನ್ನುತ್ತಾರೆ. ಲೋಕದವರಿಗೆಲ್ಲ ಕೈ ಕೊಟ್ಟಿತು ಎಂದರೆ ಕೆಟ್ಟಿತು ಎಂದರ್ಥ, ನಿಮ್ಮೊಬ್ಬರಿಗೆ ಸರಿಹೋಯಿತು ಎಂದರ್ಥ ಎಂದು ನಾನು ಎಷ್ಟೋ ಸಲ ಕಾಲೆಳೆದಿದ್ದೇನೆ. ಇವರು ನಗುವವರಲ್ಲ.

ಆ ಕೈಗುಣದ ಕೈಗೇ ಕೇಡು ಬಂತು. ಮೊದಲು ನೀರಿನ ಲೋಟ ಜಾರಿ ಬೀಳತೊಡಗಿತು. ವಯಸ್ಸಾಯಿತು, ನೆಟ್ಟಗೆ ಹಿಡಿದುಕೊಳ್ಳಿ ಎಂದು ರೇಗಿದೆ. ಆಮೇಲೆ ಜೇಬಿಗೆ ಕೈ ಹಾಕಿದರೆ ಒಳಗೆ ಬೀಗದ ಕೈ ಇದೆಯೋ ಇಲ್ಲವೋ ತಿಳಿಯದೆ ಜೇಬನ್ನೇ ಹೊರಗೆಳೆದು ನೋಡುವಂತಾಯಿತು. ಮಗಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಅವಳು ಒಂದು ದಿನ ಬಂದು ಅಪ್ಪನ ಬಲಗೈ ಹಿಡಿದು ಸೂಜಿಯಿಂದ ಮೆಲ್ಲಗೆ ಚುಚ್ಚಿದಳು. ಇವರು ಕಿಟಕಿ ನೋಡುತ್ತಲೇ ಇದ್ದರು. ಆಸ್ಪತ್ರೆಗೆ ಕರೆದುಕೊಂಡು ಹೋದೆ. ಕುತ್ತಿಗೆಯಲ್ಲಿ ನರ ಒತ್ತಿಕೊಂಡಿದೆ, ಬೆರಳಿಗೆ ಸ್ಪರ್ಶ ಮರಳಿದರೂ ಮರಳಬಹುದು, ಮರಳದೆಯೂ ಇರಬಹುದು, ಕೈಗೆ ಬಿಡುವು ಕೊಡಿ ಎಂದರು ಡಾಕ್ಟರು. ಇವರು ತಲೆಯಾಡಿಸಿ ಹೊರಗೆ ಬಂದು, ನನ್ನನ್ನು ಬಸ್ಸು ಹತ್ತಿಸಿ, ತಾವು ಸೀದಾ ಒಂದು ಬೇಕರಿಗೆ ಕೆಲಸಕ್ಕೆ ಹೋದರು.

ಆ ಬೇಕರಿಯಲ್ಲೇ ಆದದ್ದು ಅನಾಹುತ. ತಂತಿ ಕೂರಿಸಿ ಸ್ಕ್ರೂ ಬಿಗಿ ಮಾಡಿದರು. ಬಿಗಿಯಾಯಿತೋ ಇಲ್ಲವೋ ಬೆರಳು ಹೇಳಲಿಲ್ಲ. ಸಡಿಲವಾಗಿ ಉಳಿದ ತಂತಿ ಕಿಡಿ ಹಾರಿಸಿ, ಓವನ್ನಿನ ಹಿಂಬದಿಯೆಲ್ಲ ಕಪ್ಪಾಯಿತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಬೇಕರಿಯವನು ಅಂಗಡಿಗೆ ಬಂದು ಬಾಯಿಗೆ ಬಂದಂತೆ ಕೂಗಾಡಿ ಹೋದ. ಚಿಕ್ಕ ಯಜಮಾನ ಇವರನ್ನು ಕರೆದು ಕುರ್ಚಿ ಹಾಕಿ ಕೂರಿಸಿ, ಇನ್ನೊಂದು ಓವನ್ ಹೀಗೆ ವಾಪಸು ಬಂದರೆ ನೀವು ಮನೇಲಿ ಆರಾಮಾಗಿ ಇದ್ದುಬಿಡಿ ಎಂದನಂತೆ. ಬೈದಿದ್ದರೆ ಇವರು ಮರೆಯುತ್ತಿದ್ದರು. ಆ 'ಆರಾಮಾಗಿ' ಇವರ ಎದೆಯಲ್ಲಿ ಮುಳ್ಳಾಗಿ ಕೂತುಬಿಟ್ಟಿತು. ಅವತ್ತು ಊಟಕ್ಕೆ ಕೂತಾಗ, ಎಂದೂ ಬಾಯಿ ಬಿಡದವರು ಬಾಯಿ ಬಿಟ್ಟರು.

"ಮನೇಲಿ ಕೂತು ನಾನೇನು ಮಾಡ್ಲಿ? ಓವನ್ ಬಿಟ್ರೆ ನನಗೆ ಬೇರೇನು ಬರುತ್ತೆ ಹೇಳು."

ನನಗೆ ಗೊತ್ತಿದ್ದದ್ದು ಒಂದೇ, ನಾನೂ ದಣಿದಿದ್ದೆ. ಬದುಕಿನ ಅರ್ಧಕ್ಕಿಂತ ಹೆಚ್ಚು ಕಾಲ ಒಂದು ಶರಟಿನ ಕಾರ್ಖಾನೆಯಲ್ಲಿ ಗುಂಡಿ ಹಚ್ಚಿದವಳು ನಾನು. ಮಂಡಿ ಹೋಯಿತು, ಕೆಲಸ ಬಿಟ್ಟೆ. ಇನ್ನು ಮಧ್ಯಾಹ್ನ ಕಾಲು ಚಾಚಿ ಮಲಗುತ್ತೇನೆ, ಯಾರು ಕರೆದರೂ ಏಳುವುದಿಲ್ಲ ಎಂದುಕೊಂಡಿದ್ದೆ. ಮಲಗಿದ್ದೂ ಆಯಿತು, ಎದ್ದದ್ದೂ ಆಯಿತು. ಮುಂದಿನ ಕರೆ ಬಂದಾಗ ಇವರು ಚೀಲ ಹಿಡಿದು ಬಾಗಿಲಲ್ಲಿ ನಿಂತರು. ಹೋಗಲೂ ಇಲ್ಲ, ಒಳಗೆ ಬರಲೂ ಇಲ್ಲ. ನನ್ನ ಪಿತ್ತ ನೆತ್ತಿಗೇರಿತು. ಸೆರಗು ಸಿಕ್ಕಿಸಿಕೊಂಡು, ನಡೀರಿ, ಆ ಹಾಳು ಸ್ಕ್ರೂ ನಾನೇ ತಿರುಗಿಸ್ತೀನಿ ಎಂದು ಚಪ್ಪಲಿ ಮೆಟ್ಟಿದೆ.

ಅಂದಿನಿಂದ ಶುರುವಾಯಿತು ನಮ್ಮ ನಾಟಕ. ಹೋದ ಮನೆಯಲ್ಲೆಲ್ಲ ಇವರದು ಒಂದೇ ಮಾತು: ಇವಳು ಸುಮ್ಮನೆ ಚೀಲ ಹೊರೋಕೆ ಬಂದಿದ್ದಾಳೆ, ಹಾಗೇ ಸ್ವಲ್ಪ ಕೆಲಸ ಕಲಿಸೋಣ ಅಂತ. ಈ ಮಂಡಿ ಇಟ್ಟುಕೊಂಡು ಈ ವಯಸ್ಸಿನಲ್ಲಿ ನಾನು ಕಲಿಯಲು ಬಂದವಳು. ಇವರು ಹಿಂದೆ ಒಂದು ಸ್ಟೂಲಿನ ಮೇಲೆ ಕೂತು, ಬಲಗೈ ಪ್ಯಾಂಟಿನ ಜೇಬಿನಲ್ಲಿಟ್ಟುಕೊಂಡು, ಎಡಕ್ಕೆ ತಿರುಗಿಸು, ಇನ್ನೊಂದು ಸುತ್ತು, ಸಾಕು ಎಂದು ಪಾಠ ಹೇಳುವರು. ನಾನು ನೆಲದ ಮೇಲೆ ಕೂತು ಬಿಚ್ಚುವವಳು, ಹಾಕುವವಳು. ಗುಂಡಿ ಹಚ್ಚಿದ ಕೈಗೆ ಸಣ್ಣ ಸ್ಕ್ರೂ ಕಷ್ಟವಾಗಲಿಲ್ಲ. ಎಂಥ ಒಳ್ಳೆಯ ಗಂಡ, ಹೆಂಡತಿಗೂ ಕೆಲಸ ಕಲಿಸುತ್ತಾರಲ್ಲ ಎಂದು ಹೆಂಗಸರು ಹೊಗಳುವಾಗ ನಾನು ಹಲ್ಲು ಕಚ್ಚಿಕೊಂಡು ಸ್ಕ್ರೂ ಬಿಗಿಮಾಡುತ್ತಿದ್ದೆ.

ಮನೆಯೊಳಗೂ ನಾಟಕವೇ. ಬೆಳಗ್ಗೆ ಶರಟು ಹಾಕಿಕೊಂಡು, ಗುಂಡಿ ಹಾಕದೆ, ಏನೋ ನೆಪ ತೆಗೆದು ನಾನಿದ್ದಲ್ಲಿಗೆ ಬರುವರು. ಕನ್ನಡಕ ನೋಡಿದೆಯಾ ಎನ್ನುವರು, ಕನ್ನಡಕ ಮೂಗಿನ ಮೇಲೇ ಇರುತ್ತಿತ್ತು. ನಾನು ಶರಟಿನ ಮೇಲಿನ ದೂಳು ಕೊಡವುವ ಹಾಗೆ ಮಾಡುತ್ತಾ ಒಂದೊಂದೇ ಗುಂಡಿ ಹಾಕುತ್ತಿದ್ದೆ. ಇಬ್ಬರೂ ಅದರ ಮಾತೆತ್ತುತ್ತಿರಲಿಲ್ಲ. ಗುಂಡಿ ಹಾಕು ಎಂದು ಬಾಯಿಬಿಟ್ಟು ಕೇಳಿದರೆ ಇವರ ಗಂಟೇನು ಹೋಗುತ್ತದೆ ಎಂದು ಒಳಗೊಳಗೇ ಕುದಿಯುತ್ತಿದ್ದೆ. ಆದರೂ ಕೇಳಿಬಿಟ್ಟರೆ ಏನು ಗತಿ ಎಂದು ಹೆದರುತ್ತಲೂ ಇದ್ದೆ.

ಹೀಗಿರುವಾಗ ಬನ್ನಮ್ಮನ ಫೋನ್ ಬಂತು. ಬನ್ನಮ್ಮ ಮನೆಯಲ್ಲೇ ಬನ್ನು ಬೇಯಿಸಿ ಒಂದು ಶಾಲೆಯ ಕ್ಯಾಂಟೀನಿಗೆ ಕೊಡುವ ಹೆಂಗಸು. ಇವರಿಗೆ ಫೋನ್ ಹಿಡಿಯಲು ಆಗದ ಕಾರಣ ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿ ಮಾತಾಡುತ್ತಾರೆ. ನಾನು ಅಲ್ಲೇ ಬಟ್ಟೆ ಮಡಿಸುತ್ತಿದ್ದೆ. ಬಿಸಿಯಾಗ್ತಿಲ್ವಾ ಎಂದರು ಇವರು. ದೀಪ ಉರಿಯುತ್ತಿದೆ, ಬಿಸಿ ಮಾತ್ರ ಇಲ್ಲ, ಕಲಸಿದ ಹಿಟ್ಟು ಉಬ್ಬಿ ಪಾತ್ರೆಯಿಂದ ಹೊರಗೆ ಬರುತ್ತಿದೆ ಎಂದು ಆಕೆ ಒಂದೇ ಉಸಿರಿಗೆ ಹೇಳಿದಳು. ಇವರು ಯಾವಾಗಲೂ ಕೇಳುವ ಪ್ರಶ್ನೆಯನ್ನೇ ಕೇಳಿದರು.

"ಟೈಮರ್ ಕೈ ಕೊಟ್ಟಿದೆಯಾ?"

"ಕೈ ಕೊಟ್ಟಿದೆ ಅಣ್ಣಾ, ಬೆಳಗ್ಗೆಯಿಂದ ಕೈ ಕೊಟ್ಟಿದೆ."

ಸರಿ ಬರ್ತೀನಿ ಎಂದು ಇವರು ಫೋನ್ ಇಟ್ಟರು. ಹಾಗಾದರೆ ಒಳಗಿನದೇ ತೊಂದರೆ, ಕಾಯಿಲ್ ಹೋಗಿರಬೇಕು ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ಚೀಲಕ್ಕೆ ಎರಡು ಹೊಸ ಕಾಯಿಲ್ ಹಾಕಿಕೊಂಡರು. ಬನ್ನಮ್ಮ ಅಂಗಡಿಗೂ ಹೇಳಿದ್ದಳಂತೆ, ಅಷ್ಟರಲ್ಲಿ ಚಿಕ್ಕ ಯಜಮಾನನೂ ಫೋನ್ ಮಾಡಿ, ಆ ಓವನ್ ಹೋದ ತಿಂಗಳು ನೀವೇ ನೋಡಿದ್ದಲ್ವಾ, ವಾಪಸು ಬಂದ ಹಾಗಲ್ವಾ ಇದು ಎಂದ. ಅದೂ ನಿಜವೇ, ಹೋದ ತಿಂಗಳು ಅದರ ಬಾಗಿಲಿನ ರಬ್ಬರ್ ಬದಲಾಯಿಸಿದ್ದೆವು. ಕೆಲಸ ಮುಗಿಸಿ, ಆಮೇಲೆ ನಾನೇ ಫೋನ್ ಮಾಡಿ ಕೇಳ್ತೀನಿ ಎಂದ. ಇವರ ಮುಖ ಸಣ್ಣಗಾಯಿತು. ಏನೂ ಆಗಲ್ಲ ನಡೀರಿ ಎಂದು ನಾನೇ ಚೀಲ ಎತ್ತಿಕೊಂಡೆ.

ಬನ್ನಮ್ಮನ ಮನೆ ಮೂರನೆಯ ಮಹಡಿ. ಲಿಫ್ಟು ಇತ್ತು, ಅದಕ್ಕೂ ಕೆಟ್ಟ ಕಾಲ ಬಂದಿತ್ತು. ಮೆಟ್ಟಿಲಿಗೊಂದು ಬೈಗುಳ ಎಂದು ಲೆಕ್ಕ ಇಟ್ಟುಕೊಂಡು ಹತ್ತಿದೆ. ಅಡುಗೆಮನೆ ಇಕ್ಕಟ್ಟು, ಆದರೆ ಎಂಥ ಚೊಕ್ಕಟ ಎಂದರೆ, ಕಾಲಿಡಲು ನಾಚಿಕೆಯಾಗಬೇಕು. ನಲ್ಲಿ ಹೊಳೆಯುತ್ತಿತ್ತು, ಡಬ್ಬಿಗಳು ಹೊಳೆಯುತ್ತಿದ್ದವು, ಓವನ್ನಿನ ಮುಖವಂತೂ ಕನ್ನಡಿ. ಇದೆಲ್ಲ ಬನ್ನಮ್ಮನ ಅತ್ತೆಯ ಕೈಚಳಕ. ಮುದುಕಿ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು, ಮಡಿಲಲ್ಲಿ ಉಜ್ಜುವ ತಂತಿಯ ಉಂಡೆ ಇಟ್ಟುಕೊಂಡು, ನಮ್ಮ ಹೆಜ್ಜೆಯ ಗುರುತನ್ನೇ ನೋಡುತ್ತಿದ್ದಳು. ಮೇಜಿನ ಮೇಲೆ ಒದ್ದೆ ಬಟ್ಟೆಯಡಿ ಹಿಟ್ಟು ಉಬ್ಬಿ ಕೂತಿತ್ತು.

ಇವರು ಎರಡನೆಯ ಪ್ರಶ್ನೆ ಕೇಳಿದರು, ಕೊನೆಯ ಸಲ ಬಿಸಿಯಾದ ಮೇಲೆ ಓವನ್ನನ್ನು ಯಾರು ಮುಟ್ಟಿದ್ದು ಎಂದು. ಯಾರೂ ಮುಟ್ಟಿಲ್ಲ ಎಂದಳು ಬನ್ನಮ್ಮ. ನಾನಂತೂ ಮುಟ್ಟಿಲ್ಲಪ್ಪ ಎಂದಳು ಅತ್ತೆ. ಯಾರ ಮನೆಯಲ್ಲೂ ಯಾರೂ ಯಾವುದನ್ನೂ ಮುಟ್ಟಿರುವುದಿಲ್ಲ, ವಸ್ತುಗಳು ತಾವೇ ಕೆಟ್ಟುಹೋಗುತ್ತವೆ. ಇವರು ಸ್ಟೂಲಿನ ಮೇಲೆ ಕೂತರು, ಬಲಗೈ ಜೇಬಿಗೆ ಹೋಯಿತು, ನನ್ನ ಮಂಡಿ ನೆಲಕ್ಕೆ ಬಂತು.

ಪ್ಲಗ್ ಕಿತ್ತು, ಹಿಂಬದಿಯ ತಗಡು ಬಿಚ್ಚಿದೆ. ಕಾಯಿಲ್ಲಿನ ಎರಡು ತುದಿಗೆ, ಕರೆಂಟು ದಾಟುತ್ತದೋ ಇಲ್ಲವೋ ತೋರಿಸುವ ಮೀಟರಿನ ಕಡ್ಡಿ ಇಟ್ಟರೆ ಮುಳ್ಳು ಸರಿಯಾಗಿ ಓಡಿತು. ಕಾಯಿಲ್ ಚೆನ್ನಾಗಿದೆ ಎಂದರ್ಥ. ಇನ್ನೊಂದ್ಸಲ ಇಡು ಎಂದರು. ಇಟ್ಟೆ. ಮತ್ತೆ ಓಡಿತು. ಶಾಖ ಎಷ್ಟು ಎಂದು ನೋಡಿಕೊಳ್ಳುವ ಥರ್ಮೋಸ್ಟ್ಯಾಟಿಗೆ ಇಟ್ಟೆ, ಅಲ್ಲೂ ಓಡಿತು. ಒತ್ತಿ ಇಟ್ಟಿದ್ದೀಯಾ, ಜಾರ್ತಿಲ್ಲ ತಾನೆ ಎಂದು ಮೂರು ಮೂರು ಸಲ ಕೇಳಿದರು. ನನ್ನ ಕೈ ಚೆನ್ನಾಗಿದೆ ಕಣ್ರೀ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ತಮ್ಮ ಬೆರಳನ್ನು ನಂಬದವರು ಈಗ ನನ್ನ ಬೆರಳನ್ನೂ ನಂಬುತ್ತಿರಲಿಲ್ಲ. ಮೊದಲಾಗಿದ್ದರೆ ತಾವೇ ಬಗ್ಗಿ ಮುಟ್ಟಿ, ಒಂದು ಉಸಿರಲ್ಲಿ ಹೇಳಿ ಏಳುತ್ತಿದ್ದರು. ಈಗ ತಂತಿ ತಂತಿಯನ್ನೂ ಬಿಚ್ಚಿಸಿದರು, ಕೆರೆಸಿದರು, ಮತ್ತೆ ಹಾಕಿಸಿದರು. ಬನ್ನಮ್ಮ ಬಾಗಿಲಿಗೊರಗಿ ಒಮ್ಮೆ ಹಿಟ್ಟು ನೋಡುವಳು, ಒಮ್ಮೆ ನಮ್ಮನ್ನು ನೋಡುವಳು.

ಕೊನೆಗೆ ಉಳಿದದ್ದು ಟೈಮರ್. ಅದರ ಈ ಬದಿಗೊಂದು ಕಡ್ಡಿ, ಆ ಬದಿಗೊಂದು ಕಡ್ಡಿ ಇಟ್ಟೆ. ಮುಳ್ಳು ಅಲ್ಲಾಡಲಿಲ್ಲ. ಒತ್ತಿ ಇಟ್ಟೆ, ಆಗಲೂ ಇಲ್ಲ. ಕರೆಂಟು ಟೈಮರಿನವರೆಗೆ ಬಂದು ಅಲ್ಲೇ ನಿಂತುಬಿಡುತ್ತಿದೆ ಎಂದಾಯಿತು. ಇವರು, ಕೈಯೂ ಕೊಟ್ಟಿದೆ ಅಂದ್ರಲ್ಲ, ಹಾಗಾದ್ರೆ ಟೈಮರೇ ಸತ್ತಿದೆ ಎಂದರು. ಆ ಮಾದರಿಯ ಟೈಮರ್ ಬರುವುದು ನಿಂತು ಎಷ್ಟೋ ಕಾಲವಾಗಿತ್ತು. ಎಲ್ಲೂ ಸಿಗೋದಿಲ್ಲಮ್ಮ ಎಂದು ಬನ್ನಮ್ಮನಿಗೆ ಹೇಳಿದರು. ಬೇರೆ ಓವನ್ನೇ ತರಬೇಕಾ ಎಂದು ಆಕೆ ಕೇಳಿದಳು. ಇವರು ನೆಲ ನೋಡಿದರು.

"ನನ್ನಿಂದ ಆಗಲ್ಲ ಇದು."

ಇಷ್ಟು ಕಾಲ ಜೊತೆಗಿದ್ದು ಇವರ ಬಾಯಲ್ಲಿ ಆ ಮಾತು ನಾನು ಕೇಳಿರಲಿಲ್ಲ. ಬನ್ನಮ್ಮ ಹಿಟ್ಟಿನ ಡಬ್ಬಿಯ ಮೇಲೆ ಕುಸಿದು ಕೂತಳು. ಇನ್ನು ಚಿಕ್ಕ ಯಜಮಾನನ ಫೋನ್ ಬರುತ್ತದೆ, ಆಗಲಿಲ್ಲ ಎನ್ನಬೇಕು, ಅವನು ಆರಾಮಾಗಿ ಎನ್ನುತ್ತಾನೆ, ಅಲ್ಲಿಗೆ ಮುಗಿಯಿತು. ಮುಗಿದರೆ ಮುಗಿಯಲಿ, ನಾನು ಹೋಗಿ ಮಲಗುತ್ತೇನೆ ಎಂದು ಒಂದು ಮನಸ್ಸು. ನಾಳೆಯಿಂದ ಇವರು ಗೋಡೆ ನೋಡುತ್ತಾ ಕೂರುವುದನ್ನು ನಾನು ಹೇಗೆ ನೋಡಲಿ ಎಂದು ಇನ್ನೊಂದು ಮನಸ್ಸು. ಎರಡನ್ನೂ ಬದಿಗಿಟ್ಟು ತಗಡು ಮುಚ್ಚಿದೆ, ಸ್ಕ್ರೂ ಹಾಕಿದೆ, ಓವನ್ನನ್ನು ಗೋಡೆಗೆ ಸರಿಸಿದೆ. ಬಿಚ್ಚಿದ್ದನ್ನು ಒರೆಸದೆ ಬರುವ ಅಭ್ಯಾಸ ನಮಗಿಲ್ಲ. ಒದ್ದೆ ಬಟ್ಟೆ ಹಿಡಿದು ಮುಂದೆ ಬಂದು ಕೂತೆ.

ಒರೆಸಿದ್ದೂ ಆಯಿತು, ಏಳೋಣ ಎಂದರೆ ಮಂಡಿ ಹಿಡಿದುಕೊಂಡುಬಿಟ್ಟಿತು. ಓವನ್ನಿನ ಹಿಡಿ ಹಿಡಿದುಕೊಂಡು, ಮುಖವನ್ನು ಅದರ ಮುಖಕ್ಕೇ ತಂದು, ನೋವು ಇಳಿಯಲಿ ಎಂದು ಹಾಗೇ ಇದ್ದೆ. ಕಿಟಕಿಯ ಬೆಳಕು ಓರೆಯಾಗಿ ಬೀಳುತ್ತಿತ್ತು. ಆಗ ಕಂಡಿತು: ಗುಂಡಿಯ ಸುತ್ತ ಒಂದು ಅಂಕಿಯೂ ಇಲ್ಲ, ಒಂದು ಗೆರೆಯೂ ಇಲ್ಲ. ಮುದುಕಿ ತಂತಿಯಲ್ಲಿ ಉಜ್ಜಿ ಉಜ್ಜಿ ಎಲ್ಲವನ್ನೂ ಅಳಿಸಿಬಿಟ್ಟಿದ್ದಾಳೆ. ನೇರವಾಗಿ ನೋಡಿದರೆ ಬರೀ ಹೊಳಪು. ಓರೆಯಾಗಿ ನೋಡಿದಾಗ ಮಾತ್ರ, ಮೇಲ್ಭಾಗದಲ್ಲಿ, ಮಸುಕಾಗಿ ಐದು ಸಣ್ಣ ಬೆರಳು. ಗುಂಡಿ ಕೆಳಗೆಲ್ಲೋ ನೋಡುತ್ತಿತ್ತು.

"ರೀ," ಎಂದೆ, "ಕೈ ಎಲ್ಲಿದೆ ಇದರದ್ದು?"

ಇವರು ತಲೆಯೆತ್ತುವಷ್ಟರಲ್ಲಿ ಗುಂಡಿಯನ್ನು ಆ ಬೆರಳುಗಳ ಕಡೆಗೆ ತಿರುಗಿಸಿದೆ. ಟಕ್ ಎಂದಿತು. ಪ್ಲಗ್ ಹಾಕಮ್ಮ ಎಂದು ಬನ್ನಮ್ಮನಿಗೆ ಹೇಳಿದೆ. ದೀಪ ಬಂತು, ಕಾವಿನ ಕೆಂಪು ದೀಪವೂ ಬಂತು. ಎಲ್ಲರೂ ಉಸಿರು ಬಿಗಿಹಿಡಿದು ಗಾಜಿನೊಳಗೆ ನೋಡಿದೆವು. ಕಾಯಿಲ್ ಮೊದಲು ಕಂದು ಬಣ್ಣಕ್ಕೆ ತಿರುಗಿತು, ಆಮೇಲೆ ಕೆಂಪಗೆ ಬೆಳಗಿತು. ನನ್ನ ಕೆನ್ನೆಗೆ ಬಿಸಿ ತಾಗಿತು.

ಬನ್ನಮ್ಮ ಎದ್ದು ಬಂದು ನನ್ನ ಹೆಗಲು ಹಿಡಿದುಕೊಂಡಳು. ಕೈ ಕೊಟ್ಟಿದೆ ಅಂದ್ರಲ್ಲಮ್ಮ ನೀವು ಫೋನಲ್ಲಿ ಎಂದು ನಾನು ಕೇಳಿದೆ. ಹೌದು, ಕೈ ಕೊಟ್ಟಿತ್ತಲ್ಲ, ಅದಕ್ಕೇ ತಾನೆ ನಿಮ್ಮನ್ನ ಕರೆದದ್ದು ಎಂದಳು ಆಕೆ, ಏನೂ ತಿಳಿಯದೆ. ಯಾರೂ ಮುಟ್ಟಿಲ್ಲ ಅಂದ್ರಲ್ಲಜ್ಜಿ ಎಂದು ಅತ್ತೆಯ ಕಡೆ ತಿರುಗಿದೆ. "ಮುಟ್ಟಿಲ್ಲ," ಎಂದಳು ಮುದುಕಿ ಗಂಭೀರವಾಗಿ, "ಉಜ್ಜಿದೆ ಅಷ್ಟೆ." ನನಗೆ ನಗು ತಡೆಯಲಾಗಲಿಲ್ಲ, ಬನ್ನಮ್ಮನಿಗೂ ಬಂತು, ಮುದುಕಿಯೂ ಯಾಕೆಂದು ತಿಳಿಯದೆ ನಕ್ಕಳು. ಗೆದ್ದೆವು ಎಂದುಕೊಂಡೆ. ಓವನ್ ಸರಿಹೋಯಿತು, ಇನ್ನು ಚಿಕ್ಕ ಯಜಮಾನ ಏನೂ ಅನ್ನುವ ಹಾಗಿಲ್ಲ, ಇವರ ಕೆಲಸ ಉಳಿಯಿತು. ಖುಷಿಯಿಂದ ಇವರ ಕಡೆ ನೋಡಿದೆ.

ಇವರು ನಗುತ್ತಿರಲಿಲ್ಲ. ಬಲಗೈಯನ್ನು ಜೇಬಿನಿಂದ ಹೊರಗೆ ತೆಗೆದು, ತೊಡೆಯ ಮೇಲಿಟ್ಟುಕೊಂಡು, ಅದನ್ನೇ ನೋಡುತ್ತಾ ಕೂತಿದ್ದರು. ಅಷ್ಟರಲ್ಲಿ ಫೋನ್ ಬಂತು. ಎಡಗೈಯಲ್ಲಿ ಅದನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಒತ್ತಿದರು. ಆಯ್ತಾ ಎಂದು ಕೇಳಿದ ಚಿಕ್ಕ ಯಜಮಾನ. ಓವನ್ ಆಯ್ತು ಎಂದರು. ಏನಾಗಿತ್ತು ಎಂದ ಅವನು. ಟೈಮರ್ ಅನ್ನಿ, ಟೈಮರ್ ಅನ್ನಿ ಎಂದು ನಾನು ಕಣ್ಣಲ್ಲೇ ಸನ್ನೆ ಮಾಡಿದೆ. ಅದು ಸುಳ್ಳೂ ಆಗುತ್ತಿರಲಿಲ್ಲ.

"ಓವನ್‌ಗೆ ಏನೂ ಆಗಿರ್ಲಿಲ್ಲ ಯಜಮಾನ್ರೇ," ಎಂದರು ಇವರು. "ಕೈ ಕೊಟ್ಟಿರೋದು ನಂದು."

ಏನಂದ್ರಿ ಎಂದ ಅವನು.

"ನನ್ನ ಬಲಗೈ. ಬೆರಳಿಗೆ ಏನೂ ತಿಳಿಯಲ್ಲ. ಆ ಬೇಕರಿಯದ್ದು ಹಾಗೇ ಆಗಿದ್ದು. ಅಲ್ಲಿಂದ ಈಚೆಗೆ ಸ್ಕ್ರೂ ತಿರುಗಿಸ್ತಿರೋದು ನನ್ನ ಹೆಂಡ್ತಿ. ಇವತ್ತು ಓವನ್ ಸರಿ ಮಾಡಿದ್ದೂ ಅವಳೇ."

ಬನ್ನಮ್ಮ ನನ್ನ ಮುಖ ನೋಡಿದಳು, ನಾನು ಎಲ್ಲಿ ನೋಡಲಿ ಎಂದು ತಿಳಿಯದೆ ಬಟ್ಟೆ ಹಿಂಡಿದೆ. ಚಿಕ್ಕ ಯಜಮಾನ ಬೈಯಲಿಲ್ಲ, ಆರಾಮಾಗಿ ಎಂದೂ ಅನ್ನಲಿಲ್ಲ. ನೀವು ಇನ್ನು ಮೇಲೆ ಓವನ್ ಮುಟ್ಟಬೇಡಿ, ಮೊದಲೇ ಹೇಳಬೇಕಿತ್ತು ಎಂದ. ನಾಳೆ ಅಂಗಡಿಗೆ ಬನ್ನಿ, ಅವರನ್ನೂ ಕರ್ಕೊಂಡು ಬನ್ನಿ, ಮನಸ್ಸಿದ್ರೆ ಅವರಿಗೇ ಕೆಲಸ ಕೊಡೋಣ ಎಂದು ಸೇರಿಸಿದ. ಆಗಲಿ ಎಂದರು ಇವರು.

ಮೆಟ್ಟಿಲಿಳಿಯುವಾಗ ನಾನು ಸುಮ್ಮನಿರಲಿಲ್ಲ. ಗೆದ್ದಿದ್ದನ್ನ ಕೈಯಾರೆ ಕಳ್ಕೊಂಡ್ರಲ್ಲ, ಬಾಯಿ ಬಿಡು ಅಂತ ಯಾರು ಹೇಳಿದ್ರು, ಇಷ್ಟು ದಿನ ಈ ಮಂಡಿ ಸವೆಸಿದ್ದು ಯಾತಕ್ಕೆ, ನನ್ನನ್ನ ಕೇಳದೆ ನನ್ನ ಹೆಸರು ಯಾಕೆ ಎತ್ತಿದ್ರಿ ಎಂದು ಮಹಡಿ ಮಹಡಿಯಲ್ಲೂ ಬೈದೆ. ನನಗೆ ಕೆಲಸ ಬೇಕು ಎಂದು ನಾನು ಯಾವತ್ತು ಕೇಳಿದ್ದೆ? ಇವರು ಒಂದು ಕೈ ಗೋಡೆಗೆ ಕೊಟ್ಟು ಇಳಿಯುತ್ತಿದ್ದರು. ಕೆಳಗಿನ ಮೆಟ್ಟಿಲಿಗೆ ಬಂದಾಗ ನಿಂತರು.

"ನನ್ನ ಕೈ ಮುಚ್ಚಿಡೋದ್ರಲ್ಲೇ ಇದ್ದೆ ನಾನು. ಅದರ ಕೈ ನೋಡೋದು ಮರೆತೆ. ಇವತ್ತು ಬನ್ನು ತಡ ಆಯ್ತು, ಅಷ್ಟೆ. ನಾಳೆ ಯಾರ ಮನೇಲಾದ್ರೂ ಶಾಕ್ ಹೊಡೆದ್ರೆ?"

ಇಬ್ಬರೂ ಬಸ್ಸಿನ ಕಡೆ ನಡೆದೆವು. ಚೀಲ ನನ್ನ ಹೆಗಲ ಮೇಲಿತ್ತು, ಎಂದಿಗಿಂತ ಭಾರವಾಗಿತ್ತು. ಬಸ್ಸಿನಲ್ಲಿ ಇವರು ಕಿಟಕಿ ಪಕ್ಕ ಕೂತು ಹೊರಗೆ ನೋಡುತ್ತಿದ್ದರು. ಕಣ್ಣು ಒದ್ದೆಯಾಗಿದ್ದನ್ನು ನಾನು ಕಂಡೆ, ಕಂಡದ್ದನ್ನು ತೋರಿಸಿಕೊಳ್ಳಲಿಲ್ಲ. ಮಗಳು ಮನೆಗೆ ಬಂದಿದ್ದಳು. ನಡೆದದ್ದನ್ನು ಕೇಳಿ, ಇನ್ನಾದ್ರೂ ಇಬ್ರೂ ತಣ್ಣಗಿರಿ ಎಂದು ಹೇಳಿ, ಅಪ್ಪನ ಮುಂದೆ ಮಾತ್ರೆ ಇಟ್ಟು ಹೋದಳು. ನನಗೂ ಮಂಡಿಗೆ ಹಚ್ಚುವ ಎಣ್ಣೆ ತಂದಿದ್ದಳು.

ಮರುದಿನ ಬೆಳಗ್ಗೆ ನಾನು ಅಂಗಡಿಗೆ ಹೋಗಲು ಸೀರೆ ಉಡುತ್ತಿದ್ದೆ. ಹೋಗಬೇಕೋ ಬೇಡವೋ ಎಂದು ಇನ್ನೂ ತೀರ್ಮಾನ ಮಾಡಿರಲಿಲ್ಲ. ಮನಸ್ಸಿಲ್ಲದೆಯೇ ನೆರಿಗೆ ಹಿಡಿಯುತ್ತಿದ್ದೆ. ಇವರು ಬಂದು ಬಾಗಿಲಲ್ಲಿ ನಿಂತರು. ಶರಟು ಹಾಕಿಕೊಂಡಿದ್ದರು, ಎದೆ ತೆರೆದೇ ಇತ್ತು. ಕನ್ನಡಕ ಕೇಳುತ್ತಾರೋ ಪತ್ರಿಕೆ ಕೇಳುತ್ತಾರೋ ಎಂದು ಕಾದೆ. ಏನೂ ಕೇಳಲಿಲ್ಲ. ಬಲಗೈಯನ್ನು ಜೇಬಿನಲ್ಲಿಟ್ಟಿರಲಿಲ್ಲ, ಪಕ್ಕದಲ್ಲಿ ಹಾಗೇ ಇಳಿಬಿಟ್ಟಿದ್ದರು.

"ಇವಳೇ," ಎಂದರು, "ಗುಂಡಿ ಹಾಕು ಬಾ. ನನಗೆ ಆಗಲ್ಲ."

ಈ ಮಾತು ಕೇಳಬೇಕು ಎಂದು ಎಷ್ಟು ತಿಂಗಳು ಕಾದಿದ್ದೆ. ಕೇಳಿದ ಮೇಲೆ ಯಾಕಾದರೂ ಕೇಳಿದೆನೋ ಎನ್ನಿಸಿತು. "ಶರಟಿನದ್ದೋ, ಓವನ್ನಿನದ್ದೋ?" ಎಂದೆ, ಏನಾದರೂ ಅನ್ನಬೇಕಲ್ಲ ಎಂದು. ಇವರು ನಕ್ಕರು. ನಾನು ಹತ್ತಿರ ಹೋಗಿ, ದೂಳು ಕೊಡವುವ ನಾಟಕ ಮಾಡದೆ, ಕೊರಳಿನಿಂದ ಒಂದೊಂದಾಗಿ ಹಾಕುತ್ತಾ ಬಂದೆ. ಕಾರ್ಖಾನೆಯಲ್ಲಿ ಸಾವಿರಾರು ಗುಂಡಿ ಹಚ್ಚಿದ ಕೈ ಈ ನಾಲ್ಕು ಗುಂಡಿಗೆ ತಡವರಿಸಿತು, ಕಣ್ಣು ಮಂಜಾಗಿತ್ತು. ಅಳ್ತಿದ್ದೀಯಾ ಎಂದು ಕೇಳಿದರು. ನಿಮ್ಮ ಹಣೆಬರಹ, ಸುಮ್ಮನೆ ನಿಲ್ಲಿ ಎಂದು ಗದರಿದೆ.

ಕೊನೆಯ ಗುಂಡಿ ಹಾಕಿ, ಸೀರೆ ಉಟ್ಟು ಮುಗಿಸಿ ಚೀಲಕ್ಕೆ ಕೈ ಹಾಕಿದರೆ ಅದು ಅಲ್ಲಿರಲಿಲ್ಲ. ಇವರು ಅದನ್ನು ಆಗಲೇ ಎಡಹೆಗಲಿಗೆ ಏರಿಸಿಕೊಂಡಿದ್ದರು. ಯಾರಾದರೂ ಕೇಳಿದರೆ ಏನಂತೀರಿ ಎಂದೆ.

"ಸುಮ್ಮನೆ ಚೀಲ ಹೊರೋಕೆ ಬಂದಿದ್ದೀನಿ ಅಂತೀನಿ," ಎಂದು ಹೇಳಿ, ಚಪ್ಪಲಿ ಮೆಟ್ಟಿ, ನನಗಿಂತ ಮೊದಲೇ ಹೊರಗೆ ಹೋಗಿ ನಿಂತರು.